ಬ್ಯಾಂಜೊ ವಾದಕ ಜೋಯೆಲ್ ಸ್ವೀನಿ

ಒಂದು ವಾದ್ಯವನ್ನು ಒಬ್ಬನೇ ಮನುಷ್ಯನು ಕಂಡುಹಿಡಿದನೆಂದು ನಂಬುವುದು ಸುಲಭ. ನೆನಪಿಗೆ ಆಗ ಒಂದೇ ಹೆಸರು ಸಾಕು. ಅಮೆರಿಕದ ಬ್ಯಾಂಜೊ ವಾದ್ಯಕ್ಕೆ ಹೀಗೆ ಅಂಟಿಕೊಂಡ ಹೆಸರು ಜೋಯೆಲ್ ವಾಕರ್ ಸ್ವೀನಿಯದು. ಆ ಹೆಸರಿಗೆ ಸಲ್ಲತಕ್ಕದ್ದೆಷ್ಟು, ಸಲ್ಲದಿರುವುದೆಷ್ಟು ಎಂದು ತೂಗಿ ನೋಡಿದಾಗಲೇ ಅವನ ಚರಿತ್ರೆಯ ನಿಜವಾದ ಸ್ವಾರಸ್ಯ ತಿಳಿಯುತ್ತದೆ.

ನಮ್ಮಲ್ಲಿ ಮಣೆಗಳನ್ನು ಒತ್ತಿ ನುಡಿಸುವ ಬುಲ್‌ಬುಲ್ ತರಂಗವನ್ನು ಬ್ಯಾಂಜೊ ಎನ್ನುವ ರೂಢಿಯುಂಟು. ಅಮೆರಿಕದ ಬ್ಯಾಂಜೊ ಅದಲ್ಲ. ದುಂಡನೆಯ ಮರದ ಬಳೆಗೆ ಚರ್ಮವನ್ನು ಬಿಗಿದು, ಉದ್ದನೆಯ ದಂಡಿಯನ್ನು ಕೂಡಿಸಿ, ಅದರ ಮೇಲೆ ಐದು ತಂತಿಗಳನ್ನು ಎಳೆದಿರುವ ವಾದ್ಯವದು. ಇವುಗಳಲ್ಲಿ ಒಂದು ತಂತಿ ಮಾತ್ರ ಗಿಡ್ಡ. ದಂಡಿಯ ನಡುವಿನ ಬಿರಡೆಯಿಂದ ಹೊರಡುವ ಅದನ್ನು ಹೆಬ್ಬೆರಳಿನಿಂದ ಮೀಟುತ್ತಾರೆ. ಅದು ಸಾಮಾನ್ಯವಾಗಿ ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಯುತ್ತದೆ. ವೀಣೆಯ ಪಕ್ಕದಲ್ಲಿರುವ ತಾಳದ ತಂತಿಗಳನ್ನು ಬಲ್ಲವರಿಗೆ ಇದರ ಕೆಲಸ ಅಪರಿಚಿತವಲ್ಲ.

ಸ್ವೀನಿ 1810ರಲ್ಲಿ ವರ್ಜೀನಿಯಾದಲ್ಲಿ, ಮುಂದೆ ಅಪೊಮ್ಯಾಟಕ್ಸ್ ಎಂದು ಹೆಸರಾದ ಸೀಮೆಯಲ್ಲಿ ಜನಿಸಿದನು. ಅದು ಹೊಗೆಸೊಪ್ಪಿನ ನಾಡು. ಹೊಲ ಒಡೆಯರದು, ದುಡಿಮೆ ಗುಲಾಮರದು. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಆ ಜನ ಬರಿಗೈಯಲ್ಲಿ ಬಂದರು. ಆದರೆ ವಾದ್ಯದ ನೆನಪನ್ನು ಅವರಿಂದ ಯಾರೂ ಕಿತ್ತುಕೊಳ್ಳಲಾಗಲಿಲ್ಲ. ಸೋರೆಬುರುಡೆಗೆ ಚರ್ಮವನ್ನು ಹೊದಿಸಿ, ಕೋಲನ್ನು ಸಿಕ್ಕಿಸಿ, ತಂತಿಗಳನ್ನು ಕಟ್ಟಿ ಅವರು ಬ್ಯಾಂಜೊವನ್ನು ಮಾಡಿಕೊಂಡರು. ಬಾಲಕ ಸ್ವೀನಿ ಕಲಿತದ್ದು ಇವರಿಂದಲೇ. ಉಗುರಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆಯುವುದು, ಅದರ ಬೆನ್ನಿಗೇ ಹೆಬ್ಬೆರಳಿನಿಂದ ಗಿಡ್ಡ ತಂತಿಯನ್ನು ಮೀಟುವುದು ಅವರ ಕ್ರಮ. ಅದೇ ಅವನ ಕ್ರಮವೂ ಆಯಿತು. ಕಲಿತವನ ಹೆಸರು ಉಳಿಯಿತು. ಕಲಿಸಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

1830ರ ದಶಕದಲ್ಲಿ ಅವನು ಊರೂರು ತಿರುಗಿ ನುಡಿಸತೊಡಗಿದನು. 1839ರ ವೇಳೆಗೆ ನ್ಯೂಯಾರ್ಕಿನ ರಂಗವನ್ನೇರಿದ್ದನು. ಬಿಳಿಯರು ಮುಖಕ್ಕೆ ಸುಟ್ಟ ಬೆಂಡಿನ ಮಸಿಯನ್ನು ಬಳಿದುಕೊಂಡು ಕರಿಯರ ಮಾತು, ನಡೆ, ಹಾಡುಗಳನ್ನು ಅಣಕಿಸಿ ಜನರನ್ನು ನಗಿಸುತ್ತಿದ್ದ ಕಾಲವದು. ಸ್ವೀನಿಯೂ ಈ ವೇಷವನ್ನು ಧರಿಸಿದನು. ಕಲೆಯನ್ನು ಕೊಟ್ಟ ಜನರನ್ನೇ ನಗೆಪಾಟಲು ಮಾಡುವ ಆಟದಲ್ಲಿ ಆ ಕಲೆ ಪ್ರಸಿದ್ಧಿಗೆ ಬಂದುದು ಇತಿಹಾಸದ ಕ್ರೂರ ವ್ಯಂಗ್ಯ. ಅವನ ಕೈಚಳಕವನ್ನು ಅಲ್ಲಗಳೆಯಲಾಗದು. ಅದು ತೊಟ್ಟ ವೇಷವನ್ನು ಮರೆಯಲೂ ಆಗದು.

ಅವನಿಂದ ಪಾಠ ಕಲಿತವರಲ್ಲಿ ಬಿಲ್ಲಿ ವಿಟ್ಲಾಕ್ ಒಬ್ಬ. ವಿಟ್ಲಾಕ್ ಮತ್ತು ಸಂಗಡಿಗರು 1843ರಲ್ಲಿ ನ್ಯೂಯಾರ್ಕಿನಲ್ಲಿ ವರ್ಜೀನಿಯಾ ಮಿನ್‌ಸ್ಟ್ರೆಲ್ಸ್ ಎಂಬ ಮೇಳವನ್ನು ಕಟ್ಟಿದರು. ಅದೇ ವರ್ಷ ಸ್ವೀನಿ ಇಂಗ್ಲೆಂಡಿಗೆ ಹೋದನು. ಬ್ರಿಟನ್ನಿನಲ್ಲಿ ಸಂಚರಿಸಿ, ಮರುವರ್ಷ ಅದೇ ಮೇಳದೊಡನೆ ಸೇರಿ ನುಡಿಸಿದನು. ಅಟ್ಲಾಂಟಿಕ್ಕಿನ ಆಚೆಯ ಜನರ ಕಿವಿಗೆ ಬ್ಯಾಂಜೊ ಬಿದ್ದುದರಲ್ಲಿ ಅವನ ಪಾಲು ದೊಡ್ಡದು. ತಾಯ್ನಾಡಿಗೆ ಮರಳಿದ ಬಳಿಕ ಸೋದರರನ್ನು ಕೂಡಿಕೊಂಡು ದಕ್ಷಿಣದ ಊರುಗಳಲ್ಲಿ ಕಾರ್ಯಕ್ರಮಗಳನ್ನು ನಡೆಸಿದನು.

ವಾದ್ಯ ನಿರ್ಮಾಣದ ವಿಷಯದಲ್ಲಿ ದಂತಕಥೆಯೇ ಹೆಚ್ಚು. ಜರಡಿಯ ಬಳೆಗೆ ಚರ್ಮ ಬಿಗಿದು ಅವನು ಮೊದಲ ಬ್ಯಾಂಜೊವನ್ನು ಮಾಡಿದನೆಂದೂ, ಗಿಡ್ಡ ತಂತಿ ಅವನ ಬುದ್ಧಿಯೆಂದೂ ಪ್ರತೀತಿ. ಎರಡನೆಯದು ನಿಲ್ಲುವ ಮಾತಲ್ಲ. 1770ರ ದಶಕದಲ್ಲಿ ಸ್ಟೆಡ್ಮನ್ ಎಂಬ ಸೈನ್ಯಾಧಿಕಾರಿ ಸುರಿನಾಮಿನ ಗುಲಾಮರಿಂದ ಪಡೆದು ತಂದ ಬುರುಡೆಯ ವಾದ್ಯವೊಂದು ಹಾಲೆಂಡಿನ ಲೈಡನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಮೂರು ಉದ್ದ ತಂತಿಗಳ ಜೊತೆಗೆ ಒಂದು ಗಿಡ್ಡ ತಂತಿಯುಂಟು. 18ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಕೆರೊಲಿನಾದಲ್ಲಿ ರಚಿತವಾದ ಒಂದು ವರ್ಣಚಿತ್ರದಲ್ಲಿಯೂ ಗುಲಾಮನೊಬ್ಬನ ಕೈಯಲ್ಲಿ ಅಂಥದೇ ವಾದ್ಯವಿದೆ. ಇವೆರಡೂ ಸ್ವೀನಿ ಹುಟ್ಟುವ ಮೊದಲಿನವು. ಅವನು ಸೇರಿಸಿದ್ದಾದರೆ ಅದು ಮಂದ್ರದ ತಂತಿಯಾಗಿರಬಹುದು ಎಂಬುದು ಹಲವು ವಿದ್ವಾಂಸರ ಊಹೆ. ಬುರುಡೆಯ ಬದಲು ಮರದ ಬಳೆ ಬಳಕೆಗೆ ಬಂದುದು ಅವನ ಕಾಲದಲ್ಲಿ. 1840ರ ದಶಕದಲ್ಲಿ ಬಾಲ್ಟಿಮೋರಿನ ವಿಲಿಯಮ್ ಬೌಚರ್ ಎಂಬ ನಗಾರಿ ತಯಾರಕನು ತನ್ನ ಕಸುಬಿನ ತಿರುಪುಗಳನ್ನು ಬ್ಯಾಂಜೊವಿಗೆ ಅಳವಡಿಸಿ ಚರ್ಮವನ್ನು ಬೇಕಾದಂತೆ ಬಿಗಿಯುವ ಅನುಕೂಲವನ್ನು ಒದಗಿಸಿದನು. ಗುಡಿಸಿಲಿನ ವಾದ್ಯ ಅಂಗಡಿಯ ಸರಕಾಯಿತು.

ಸ್ವೀನಿ 1860ರಲ್ಲಿ, ಐವತ್ತರ ವಯಸ್ಸಿನಲ್ಲಿ, ಹುಟ್ಟಿದ ಸೀಮೆಯಲ್ಲೇ ತೀರಿಕೊಂಡನು. ಮರುವರ್ಷ ಅಂತರ್ಯುದ್ಧ ಹೊತ್ತಿಕೊಂಡಿತು. ತಮ್ಮ ಸ್ಯಾಮ್ ದಕ್ಷಿಣದ ಸೇನಾನಿ ಸ್ಟುವರ್ಟನ ಬಳಿ ಬ್ಯಾಂಜೊ ನುಡಿಸುತ್ತಿದ್ದು, 1864ರಲ್ಲಿ ಸಿಡುಬಿನಿಂದ ಸತ್ತನು. 1865ರ ಏಪ್ರಿಲ್ 9ರಂದು ಸೇನಾಪತಿ ಲೀ ಶರಣಾದದ್ದು ಸ್ವೀನಿಯ ಆ ಅಪೊಮ್ಯಾಟಕ್ಸಿನಲ್ಲಿಯೇ. ಆ ವರ್ಷ ಮುಗಿಯುವುದರೊಳಗೆ ಗುಲಾಮಗಿರಿ ಕಾಯಿದೆಯ ಮೂಲಕ ಅಳಿಯಿತು.

ಸ್ವೀನಿಗೆ ಬ್ಯಾಂಜೊ ಕಲಿಸಿದವರಲ್ಲಿ ಯಾರು ಆ ದಿನವನ್ನು ಕಾಣಲು ಬದುಕಿದ್ದರೋ ಯಾವ ದಾಖಲೆಯೂ ಹೇಳದು. ಅವನನ್ನು ವಾದ್ಯದ ಜನಕನೆನ್ನುವುದು ತಪ್ಪು. ವಾದ್ಯವನ್ನು ಕಡಲಾಚೆಗೂ ಹೊತ್ತೊಯ್ದ ಶಿಷ್ಯನೆಂದರೆ ಸರಿ. ಶಿಷ್ಯನ ಹೆಸರನ್ನು ಹೇಳುವಾಗಲೆಲ್ಲ ಹೆಸರಿಲ್ಲದ ಆ ಗುರುಗಳನ್ನೂ ನೆನೆಯುವುದು ನಮ್ಮ ಕರ್ತವ್ಯ.