ನೀರ್‌ಸಾಬ್ ಎನಿಸಿಕೊಂಡ ನಜೀರ್‌ಸಾಬರು

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಹಿರಿಯರೊಬ್ಬರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಚಿಕೆಯ ಮಿತ್ರರು ಕೇಳಿಕೊಂಡಾಗ ಮೊದಲು ನೆನಪಾದವರು ಕಣಗಿನಹಾಳದ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 1905ರಲ್ಲಿ ಗದಗ ಹತ್ತಿರದ ತಮ್ಮ ಊರಿನಲ್ಲಿ ಪತ್ತಿನ ಸಹಕಾರ ಸಂಘ ಕಟ್ಟಿದ ಪುಣ್ಯಾತ್ಮರು. ಅವರ ವಿಷಯ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬೇರೊಬ್ಬರನ್ನು ಆರಿಸಿಕೊಂಡೆ. ಅವರು ಸಹಕಾರಿ ಧುರೀಣರಲ್ಲ, ನಮ್ಮ ಸೀಮೆಯವರೂ ಅಲ್ಲ. ಆದರೆ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯ ಎದ್ದುನಿಂತು ಲೆಕ್ಕ ಕೇಳುತ್ತಾನಲ್ಲ, ಹಾಗೆ ಸರ್ಕಾರದ ಸಾಲಿ-ದವಾಖಾನಿಯ ಲೆಕ್ಕವನ್ನೂ ಹಳ್ಳಿಯ ಮನುಷ್ಯ ಕೇಳುವಂತೆ ಕಾನೂನು ಮಾಡಿದವರು. ಅವರೇ ದಿವಂಗತ ಅಬ್ದುಲ್ ನಜೀರ್‌ಸಾಬರು.

ನಜೀರ್‌ಸಾಬರು ಹಳೇ ಮೈಸೂರಿನ ತುದಿಯ ಗುಂಡ್ಲುಪೇಟೆಯ ಕಡೆಯವರು. ಬಡತನದಲ್ಲಿ ಬೆಳೆದು ರಾಜಕಾರಣಕ್ಕೆ ಬಂದವರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಮುಖ್ಯಮಂತ್ರಿತ್ವದಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಇವರ ಪಾಲಿಗೆ ಬಂತು. ಖಾತೆಗಳಲ್ಲಿ ಇದಕ್ಕೆ ಆಗ ಅಂಥ ದೊಡ್ಡ ಹೆಸರಿರಲಿಲ್ಲ. ಇವರು ಬಂದ ಮೇಲೆಯೇ ಅದಕ್ಕೆ ತೂಕ ಬಂದದ್ದು.

ಜನ ಅವರನ್ನು ಗುರುತಿಸಿದ್ದು ಮೊದಲು ನೀರಿನಿಂದ. 80ರ ದಶಕದ ಬರಗಾಲ ಅನುಭವಿಸಿದವರಿಗೆ ಅದನ್ನು ವಿವರಿಸಬೇಕಿಲ್ಲ. ನಮ್ಮ ಅವಿಭಜಿತ ರಾಯಚೂರು ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಮೆಟ್ಟಿಲ ಬಾವಿಗೆ ಇಳಿದು, ಕಾಲು ನೀರಾಗಿಟ್ಟು ಕೊಡ ತುಂಬುವ ರೂಢಿ. ಅದೇ ನೀರು ಕುಡಿದವರಿಗೆ ವರ್ಷದ ಹೊತ್ತಿಗೆ ನಾರುಹುಣ್ಣು. ಕಾಲಿನ ಹುಣ್ಣಿನಿಂದ ಮೊಳದುದ್ದದ ಹುಳ ಹೊರಬರುವುದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುವುದು, ನಡುವೆ ಹರಿದರೆ ಕಾಲು ಬಾತು ಹಾಸಿಗೆ ಹಿಡಿಯುವುದು. ಸುಗ್ಗಿಯಲ್ಲಿ ಮನೆಯ ದುಡಿಯುವ ಆಳು ಹೀಗೆ ಮಲಗಿದರೆ ಆ ವರ್ಷ ಸಾಲ ತಪ್ಪಿದ್ದಲ್ಲ. ಹಳೇ ಮಂದಿ ಇನ್ನೂ ಈ ಮಾತು ಆಡುತ್ತಾರೆ, ಹುಡುಗರಿಗೆ ಇದು ಕಥಿ.

ಇಂಥಾ ಹೊತ್ತಿನಲ್ಲಿ ನಜೀರ್‌ಸಾಬರು ಹಳ್ಳಿಗಳಲ್ಲಿ ಕೊಳವೆ ಬಾವಿ ಕೊರೆಸುವ ಕೆಲಸ ಹಿಡಿದರು. ನಮ್ಮ ಮಂದಿ ಬೋರಿಂಗ್ ಎನ್ನುವ ಕೈಪಂಪು. 250 ಜನಕ್ಕೊಂದು ಎಂಬ ಲೆಕ್ಕ ಇಟ್ಟುಕೊಂಡು, ಕೊರೆಯುವ ಯಂತ್ರಗಳನ್ನು ಹಳ್ಳಿ ಹಳ್ಳಿಗೆ ಓಡಿಸಿದರು. ಮುಚ್ಚಿದ ಬಾವಿ, ಮೇಲೆ ಹಿಡಿಕೆ, ಒತ್ತಿದರೆ ನೀರು. ನೀರಿಗೆ ಯಾರ ಕಾಲೂ ತಾಗುವುದಿಲ್ಲ. ನಾರುಹುಣ್ಣಿನ ಬೇರು ಕಿತ್ತದ್ದರಲ್ಲಿ ಸೋಸುವ ಅರಿವೆ, ಬಾವಿಗೆ ಔಷಧ ಇವುಗಳ ಜೊತೆ ಈ ಬೋರಿಂಗಿನ ಪಾಲೂ ದೊಡ್ಡದು. 1996ರ ನಂತರ ದೇಶದಲ್ಲಿ ಆ ರೋಗ ಕಾಣಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ಘೋಷಿಸಿತು. ಮಂತ್ರಿಗಳಿಗೆ ಜನ ಇಡುವ ಅಡ್ಡಹೆಸರು ಸಾಮಾನ್ಯವಾಗಿ ಬರೆಯುವಂಥವಲ್ಲ. ಇವರಿಗೆ ಮಾತ್ರ ನೀರ್‌ಸಾಬ್ ಎಂದು ಹೆಸರಿಟ್ಟರು.

ಆದರೆ ನೀರು ಅವರ ಅರ್ಧ ಕೆಲಸ. ಇನ್ನರ್ಧವನ್ನು ನಾವು ಮರೆತಿದ್ದೇವೆ, ಅದಕ್ಕೇ ಈ ಲೇಖನ.

ಬೋರಿಂಗ್ ಕೊರೆಯುವುದು ಸರ್ಕಾರ. ಕೆಟ್ಟರೆ? ಸಾಲಿಗೆ ಮಾಸ್ತರರನ್ನು ನೇಮಿಸುವುದು ಸರ್ಕಾರ. ಮಾಸ್ತರರು ಬರದಿದ್ದರೆ? ಅಲ್ಲಿಯವರೆಗೆ 1959ರ ಕಾಯ್ದೆಯ ಪಂಚಾಯತಿಗಳು, ತಾಲೂಕು ಬೋರ್ಡುಗಳು ಇದ್ದವು. ಜಿಲ್ಲೆಯ ಮಟ್ಟದಲ್ಲಿದ್ದ ಪರಿಷತ್ತು ಸಲಹೆ ಕೊಡುವಷ್ಟಕ್ಕೇ. ಸಾಲಿ, ದವಾಖಾನಿ, ಹಾಸ್ಟೆಲ್ಲು, ಕೃಷಿ ಇಲಾಖೆ ಎಲ್ಲವೂ ಬೆಂಗಳೂರಿನ ಬಾಲ. ಕಿನ್ನಾಳದಂಥ ಊರಿನವರು ದೂರು ಹೇಳಬೇಕೆಂದರೆ ಕೊಪ್ಪಳ ದಾಟಿ ರಾಯಚೂರಿಗೆ ಹೋಗಬೇಕು. ಹೋಗಿ ಬರುವುದಕ್ಕೆ ಒಂದು ದಿನದ ಕೂಲಿ, ಬಸ್ ಚಾರ್ಜು. ಸಾಹೇಬರು ಕ್ಯಾಂಪಿಗೆ ಹೋಗಿದ್ದರೆ ಎರಡು ದಿನ.

ಇದಕ್ಕೆ ನಜೀರ್‌ಸಾಬರು ಹಿಡಿದ ದಾರಿ ದೊಡ್ಡ ಜಗಳದ್ದು. ಅಶೋಕ ಮೆಹ್ತಾ ಸಮಿತಿ 1978ರಲ್ಲಿ ಕೊಟ್ಟಿದ್ದ ವರದಿಯ ಜಾಡಿನಲ್ಲಿ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯ್ದೆಯನ್ನು 1983ರಲ್ಲಿ ತಂದರು. ರಾಷ್ಟ್ರಪತಿಗಳ ಅಂಕಿತ ಬೀಳುವುದಕ್ಕೇ 1985 ಆಯಿತು. ಚುನಾವಣೆ 1987ರ ಜನವರಿಯಲ್ಲಿ. ಜಿಲ್ಲೆಗಳಿಗೆ ಜಿಲ್ಲಾ ಪರಿಷತ್ತು, ಕೆಳಗೆ ಎರಡೂವರೆ ಸಾವಿರ ಮಂಡಲ ಪಂಚಾಯತಿ, ಐವತ್ತು ಸಾವಿರಕ್ಕೂ ಮೇಲ್ಪಟ್ಟು ಸದಸ್ಯರು. ನಾಲ್ಕರಲ್ಲೊಂದು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ದೇಶದ ಸಂವಿಧಾನದಲ್ಲಿ ಮೂರರಲ್ಲೊಂದು ಎಂಬ ನಿಯಮ ಬರಲು ಇನ್ನೂ ಆರು ವರ್ಷ ಇತ್ತು.

ಕಾಯ್ದೆಯ ಜೀವ ಇದ್ದದ್ದು ಎರಡು ಕಡೆ. ಒಂದು, ಆಳು. ಪ್ರಾಥಮಿಕ ಸಾಲಿ, ಆರೋಗ್ಯ ಕೇಂದ್ರ, ಮಕ್ಕಳ ಮತ್ತು ಮಹಿಳೆಯರ ಕಲ್ಯಾಣ, ಸಮಾಜ ಕಲ್ಯಾಣದ ಹಾಸ್ಟೆಲ್ಲು, ಪಶು ಆಸ್ಪತ್ರೆ ಇವುಗಳ ನೌಕರರೆಲ್ಲ 1987ರ ಏಪ್ರಿಲ್‌ನಿಂದ ಜಿಲ್ಲಾ ಪರಿಷತ್ತಿನ ಕೈಕೆಳಗೆ ಬಂದರು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಹಳ್ಳಿ ಮಂದಿ ಜಿಲ್ಲಾಧಿಕಾರಿಯನ್ನು ಕಂಡರೆ ಕೈಕಟ್ಟಿ ನಿಲ್ಲುತ್ತಿದ್ದ ಕಾಲ. ಅಂಥಾ ಕಾಲದಲ್ಲಿ ಜನ ಆರಿಸಿದವನ ಮುಂದೆ ಅದಕ್ಕೂ ಮೇಲಿನ ಅಧಿಕಾರಿ ಕಡತ ಹಿಡಿದು ನಿಂತದ್ದು ಸಣ್ಣ ಮಾತಲ್ಲ.

ಇನ್ನೊಂದು, ರೊಕ್ಕ. ಯಾವ ಜಿಲ್ಲೆಗೆ ಯಾವ ಬಾಬ್ತಿಗೆ ಎಷ್ಟು ಎಂಬುದನ್ನು ರಾಜ್ಯದ ಬಜೆಟ್ಟಿನ ಜೊತೆಗೇ ಬೇರೆ ಪುಸ್ತಕ ಮಾಡಿ ಅಚ್ಚು ಹಾಕಿಸಿದರು. ನಮ್ಮ ಸಂಘದ ಜಮಾ-ಖರ್ಚಿನ ಪಟ್ಟಿ ಸದಸ್ಯರ ಮನೆಗೆ ಹೋಗುತ್ತದಲ್ಲ, ಅದರ ಹಾಗೆ. ಎಷ್ಟು ಬಂತು ಅನ್ನುವುದು ಗೊತ್ತಾದರೆ ತಾನೆ ಎಲ್ಲಿ ಹೋಯಿತು ಅಂತ ಕೇಳುವುದು?

ಇದರ ಫಲ ಬೇಗ ಕಂಡಿತು. ಮಾಸ್ತರರ, ಆರೋಗ್ಯ ಕೇಂದ್ರದ ಸಿಬ್ಬಂದಿಯ ಹಾಜರಿ ಸುಧಾರಿಸಿತೆಂದು ಆಮೇಲೆ ಬಂದ ಅಧ್ಯಯನಗಳು ಹೇಳಿವೆ. ನನಗೆ ಅಧ್ಯಯನ ಬೇಕಾಗಲಿಲ್ಲ. ಸಮೀಪದ ಒಂದು ಊರಿನಾಗ, ಹೆಸರು ಬ್ಯಾಡ, ಒಬ್ಬ ಮಾಸ್ತರರು ವಾರಕ್ಕೆ ಎರಡು ದಿನ ಬಂದು ಆರು ದಿನದ ಸಹಿ ಮಾಡುತ್ತಿದ್ದರು. ಮಂಡಲದ ಸದಸ್ಯನೊಬ್ಬ, ಅಕ್ಷರ ಅಷ್ಟಕ್ಕಷ್ಟೇ ಬಲ್ಲ ಕುರುಬರ ಹುಡುಗ, ದಿನಾ ಮುಂಜಾನೆ ಸಾಲಿ ಕಟ್ಟೆಯ ಮೇಲೆ ಸುಮ್ಮನೆ ಕೂಡತೊಡಗಿದ. ಬೈಯಲಿಲ್ಲ, ಅರ್ಜಿ ಬರೆಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಮಾಸ್ತರರು ಊರಲ್ಲೇ ಮನಿ ಮಾಡಿದರು.

ಎಲ್ಲಾ ಸರಿಯಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದ ರೊಕ್ಕದಲ್ಲಿ ಬಹುಪಾಲು ಸಂಬಳಕ್ಕೆ, ಮೇಲಿನಿಂದ ಗೊತ್ತುಮಾಡಿದ ಯೋಜನೆಗಳಿಗೆ ಕಟ್ಟುಬಿದ್ದಿತ್ತು. ಪರಿಷತ್ತಿಗೆ ಸ್ವಂತ ಬುದ್ಧಿಯಿಂದ ಖರ್ಚು ಮಾಡಲು ಉಳಿಯುತ್ತಿದ್ದುದು ಕಡಿಮೆ. ಮಂಡಲಕ್ಕೆ ಅದಕ್ಕಿಂತ ಕಡಿಮೆ. ಶಾಸಕರಿಗೆ ತಮ್ಮ ಮಾತು ನಡೆಯದಾಯಿತೆಂಬ ಅಸಮಾಧಾನ, ಅಧಿಕಾರಿಗಳಿಗೆ ಬೇರೆ ಅಸಮಾಧಾನ. ಗುತ್ತಿಗೆದಾರರು ಮಾತ್ರ ಎಲ್ಲಾ ಕಾಲಕ್ಕೂ ಸಮಾಧಾನಿಗಳು. ಬೋರಿಂಗಿನ ಕಥೆಯೂ ಹಾಗೇ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿ ಮೀರಿದ್ದು ಆಮೇಲೆ ತಿಳಿಯಿತು. ನಾರುಹುಣ್ಣು ಹೋದ ಕಾಲಿಗೆ ಮಣಕಾಲು ನೋವು ಬಂತು, ಮಕ್ಕಳ ಹಲ್ಲಿಗೆ ಕಂದು ಕಲೆ ಬಂತು. ಇದು ನಜೀರ್‌ಸಾಬರ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನೀರು ಬಂತೆಂದು ಸುಮ್ಮನಾದೆವು, ಎಂಥಾ ನೀರು ಎಂದು ಪರೀಕ್ಷೆ ಮಾಡಿಸುವಂತೆ ಸಭೆಯಲ್ಲಿ ಕೇಳಲಿಲ್ಲ. ಕೇಳುವ ಅಧಿಕಾರ ಅವರು ಕೊಟ್ಟಿದ್ದರು.

ತಮ್ಮ ಕಾಯ್ದೆಯ ಪರಿಷತ್ತುಗಳು ಎರಡು ವರ್ಷ ತುಂಬುವುದನ್ನೂ ಅವರು ನೋಡಲಿಲ್ಲ. ಕ್ಯಾನ್ಸರಿಗೆ ತುತ್ತಾಗಿ 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಹಿಂದಿನ ವರ್ಷ ಚುನಾವಣೆಯಲ್ಲಿ ಗೆದ್ದು ಬಂದವರು ಇನ್ನೂ ಕೆಲಸ ಕಲಿಯುತ್ತಿದ್ದರು.

ಆಮೇಲೆ ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. 1992ರ ಆರಂಭಕ್ಕೆ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂಡಿಸಿದರು. 73ನೇ ತಿದ್ದುಪಡಿ ಬಂದು, 1993ರ ಹೊಸ ಕಾಯ್ದೆಯಲ್ಲಿ ಮಂಡಲ ಹೋಗಿ ಗ್ರಾಮ ಪಂಚಾಯತಿ ಆಯಿತು, ಪರಿಷತ್ತು ಹೋಗಿ ಜಿಲ್ಲಾ ಪಂಚಾಯತಿ ಆಯಿತು. 1997ರಲ್ಲಿ ಕೊಪ್ಪಳ ಜಿಲ್ಲೆಯಾಗಿ ನಮಗೆ ರಾಯಚೂರಿನ ದಾರಿ ತಪ್ಪಿತು. 2002ರ ಜೂನ್‌ನಲ್ಲಿ ಸಾಲಿ ಮಕ್ಕಳಿಗೆ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅಂಗನವಾಡಿ, ಉದ್ಯೋಗ ಖಾತ್ರಿ, ಮನೆ ಮನೆಗೆ ನಳ ಹೀಗೆ ಪಂಚಾಯತಿಯ ಕಣ್ಣು ಬೀಳಬೇಕಾದ ಕೆಲಸಗಳು ಆಗಿನದಕ್ಕಿಂತ ಬಹಳ ಹೆಚ್ಚಿವೆ. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಮತ್ತೆ ಆಡಳಿತಾಧಿಕಾರಿಗಳೇ ಬಂದು ಕೂತರು. ನಮ್ಮ ಸಂಘದಲ್ಲಿ ಒಂದೇ ಒಂದು ವರ್ಷ ಆಡಳಿತ ಮಂಡಳಿ ಇಲ್ಲದಿದ್ದರೆ ಕಿನ್ನಾಳದ ಮಂದಿ ಕಟ್ಟೆ ಕಟ್ಟೆಗೆ ಕೂತು ಎಷ್ಟು ಮಾತಾಡುತ್ತಿದ್ದರು! ಜಿಲ್ಲೆಯ ಸಾಲಿ, ದವಾಖಾನಿ, ಹಾಸ್ಟೆಲ್ಲಿಗೆ ಹಂಗಾದಾಗ ನಾವು ಯಾರೂ ತುಟಿ ಬಿಚ್ಚಲಿಲ್ಲ.

ಮೈಸೂರಿನಲ್ಲಿ ಪಂಚಾಯತಿ ಸದಸ್ಯರಿಗೆ ತರಬೇತಿ ಕೊಡುವ ಸರ್ಕಾರದ ಸಂಸ್ಥೆಗೆ ಅಬ್ದುಲ್ ನಜೀರ್‌ಸಾಬರ ಹೆಸರಿದೆ. ತರಬೇತಿ ಮುಗಿಸಿ ಬಂದ ನಮ್ಮ ಕಡೆಯ ಒಬ್ಬ ಹೆಣ್ಣುಮಗಳನ್ನು, ಆ ಬೋರ್ಡಿನ ಮೇಲಿನ ಹೆಸರು ಯಾರದವ್ವಾ ಎಂದು ವಿಚಾರಿಸಿದೆ. ಆಕೆಗೆ ಗೊತ್ತಿರಲಿಲ್ಲ. ಓಣಿಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿರುವ ಬೋರಿಂಗನ್ನು ತೋರಿಸಿದೆ, ಅಲ್ಲಿಂದ ಮಾತು ಶುರು ಮಾಡಿದೆ.