ನಂಜನಗೂಡು ತಿರುಮಲಾಂಬಾ

ಮೂಡಬಿದಿರೆಯ ಬಸದಿಗಳಲ್ಲಿ ಧವಲಾದಿ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ರಕ್ಷಿತವಾಗಿದ್ದುವೆಂಬುದನ್ನು ನಮ್ಮ ಜಿಲ್ಲೆಯವರು ಬಲ್ಲರು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಕೀರ್ತಿಯನ್ನೂ ಬಲ್ಲರು. ಆದರೆ ಅಚ್ಚಿನ ಯುಗದಲ್ಲಿ ಅದೇ ಗ್ರಂಥದಾನವನ್ನು ತನ್ನ ವ್ರತವಾಗಿ ಕೈಕೊಂಡ ನಂಜನಗೂಡು ತಿರುಮಲಾಂಬಾ ಅವರ ಹೆಸರನ್ನು ಎಷ್ಟು ಮಂದಿ ನೆನೆಯುತ್ತಾರೆ?

ತಿರುಮಲಾಂಬಾ ಅವರು 1887ನೆಯ ಮಾರ್ಚ್ 25ರಂದು ನಂಜನಗೂಡಿನಲ್ಲಿ ಜನಿಸಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಅಂದಿನ ರೂಢಿಯಂತೆ ಹತ್ತನೆಯ ವಯಸ್ಸಿನಲ್ಲಿ ವಿವಾಹವಾಯಿತು, ಹದಿನಾಲ್ಕರಲ್ಲಿ ವೈಧವ್ಯವೊದಗಿತು. ಸಂಸಾರವೆಂದರೇನೆಂಬುದನ್ನು ಅರಿಯುವ ಮೊದಲೇ ಅದರ ಬಾಗಿಲು ಮುಚ್ಚಿತು. ಅಂತಹ ಬಾಲೆಯರಿಗೆ ಅಡಿಗೆಮನೆಯ ಮೂಲೆಯೇ ಗತಿಯೆಂದು ಸಮಾಜವು ವಿಧಿಸಿದ್ದ ಕಾಲವದು. ತಂದೆಯಾದರೋ ಮಗಳ ಕೈಗೆ ಪುಸ್ತಕವನ್ನಿತ್ತರು. ಈ ಒಂದು ಕಾರ್ಯದಿಂದಲೇ ಕನ್ನಡಕ್ಕೆ ಒಬ್ಬ ಲೇಖಕಿ ದೊರೆತಳೆಂದು ನಾವು ಭಾವಿಸುತ್ತೇವೆ.

1913ರಲ್ಲಿ ಅವರು ಸತೀಹಿತೈಷಿಣೀ ಗ್ರಂಥಮಾಲೆಯನ್ನು ಪ್ರಾರಂಭಿಸಿ, ಸುಶೀಲೆ ಎಂಬ ತಮ್ಮ ಕಾದಂಬರಿಯನ್ನು ಪ್ರಕಟಿಸಿದರು. ನಭಾ, ಮಾತೃನಂದಿನಿ ಮೊದಲಾದ ಕೃತಿಗಳು ಅನಂತರ ಬಂದುವು. ಕರ್ಣಾಟಕ ನಂದಿನಿ ಎಂಬ ಮಾಸಪತ್ರಿಕೆಯನ್ನೂ ಸಂಪಾದಿಸಿದರು. ಲೇಖಕಿ, ಪ್ರಕಾಶಕಿ, ಸಂಪಾದಕಿ ಎಂಬ ಮೂರು ಭಾರಗಳನ್ನು ಮನೆಯೊಳಗಿದ್ದ ಒಬ್ಬ ವಿಧವೆ ಹೊತ್ತದ್ದು ಸಾಮಾನ್ಯ ಸಂಗತಿಯಲ್ಲ.

ಅವರು ಪುರಾತನ ಧರ್ಮವನ್ನು ತೊರೆದವರಲ್ಲ. ಪಾತಿವ್ರತ್ಯವನ್ನೂ ಗೃಹಧರ್ಮವನ್ನೂ ಕೊಂಡಾಡಿದವರು. ಆದರೆ ಆ ಧರ್ಮವನ್ನು ಆಚರಿಸುವುದಕ್ಕೂ ಸ್ತ್ರೀಗೆ ವಿದ್ಯೆ ಬೇಕೆಂಬುದೇ ಅವರ ವಾದದ ತಿರುಳು. ಸಂಪ್ರದಾಯಸ್ಥ ಮನೆಗಳ ಬಾಗಿಲನ್ನು ಒಳಗಿನಿಂದಲೇ ತೆರೆಯಿಸಿದ ಜಾಣ್ಮೆಯಿದು. ನವೋದಯದ ವಿಮರ್ಶಕರಿಗೆ ಈ ಬರವಣಿಗೆ ಉಪದೇಶಪ್ರಧಾನವೆಂದು ತೋರಿತು. ಆ ಆಕ್ಷೇಪವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಓದುಗಿತ್ತಿಯರೇ ವಿರಳವಾಗಿದ್ದಾಗ ಓದುಗಿತ್ತಿಯರನ್ನು ಸೃಷ್ಟಿಸಿದವರನ್ನು ಕೇವಲ ಕಲೆಯ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

ಕ್ರಮೇಣ ಅವರ ಲೇಖನಿ ಮೌನ ತಾಳಿತು. ಕನ್ನಡನಾಡು ಅವರನ್ನು ಮರೆಯಿತು. ಕೊನೆಗಾಲವನ್ನು ಮದರಾಸಿನಲ್ಲಿ ಕಳೆದು, 1982ರಲ್ಲಿ ಅವರು ತೀರಿಕೊಂಡರು. ಬದುಕಿದ್ದವರನ್ನೇ ಗತಿಸಿದವರಂತೆ ಮರೆತದ್ದು ನಮ್ಮೆಲ್ಲರ ಲೋಪ.

1956ರವರೆಗೆ ನಮ್ಮ ಜಿಲ್ಲೆ ಮದರಾಸಿಗೂ ನಂಜನಗೂಡು ಮೈಸೂರಿಗೂ ಸೇರಿದ್ದುವು. ಸರಕಾರಗಳೆರಡಾದರೂ ನುಡಿ ಒಂದೇ ಆಗಿತ್ತು. ಆದುದರಿಂದ ತಿರುಮಲಾಂಬಾ ಅವರು ನಮಗೆ ಪರಕೀಯರಲ್ಲ. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಮಹನೀಯರು ತಮ್ಮೂರ ಪುಸ್ತಕಭಂಡಾರಗಳಲ್ಲಿ ಅವರ ಕೃತಿಗಳಿಗೊಂದು ಸ್ಥಾನವನ್ನು ಕಲ್ಪಿಸಲಿ; ಶಾಲೆಯ ಬಾಲಿಕೆಯರಿಗೆ ಅವರ ಚರಿತ್ರೆಯನ್ನು ತಿಳಿಸಲಿ. ಓಲೆಗಳನ್ನು ಅಷ್ಟು ಕಾಲ ಕಾಪಾಡಿದ ಸೀಮೆಗೆ ಈ ಕಾಗದದ ಹಾಳೆಗಳನ್ನು ಕಾಪಾಡುವುದು ಅಸಾಧ್ಯವಲ್ಲವೆಂದು ನಾವು ನಂಬುತ್ತೇವೆ.