ಗಿಡದ ಚಿತ್ರ ಬರೆದವರ ಹೆಸರೇನು?



ಕ್ಯಾಮೆರಾ ಇಲ್ಲದ ಕಾಲದಲ್ಲಿ ದೂರದ ದೇಶದ ಗಿಡವನ್ನು ತೋರಿಸುವುದು ಹೇಗೆ? ಒಣಗಿಸಿಟ್ಟರೆ ಹೂವಿನ ಬಣ್ಣ ಮಾಸುತ್ತದೆ, ಆಕಾರ ಚಪ್ಪಟೆಯಾಗುತ್ತದೆ. ಅದಕ್ಕೇ ಸಸ್ಯವಿಜ್ಞಾನಿಗಳು ಚಿತ್ರಕಾರರನ್ನು ನೇಮಿಸಿಕೊಳ್ಳುತ್ತಿದ್ದರು.

ವಿಲಿಯಂ ರಾಕ್ಸ್‌ಬರ್ಗ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಆಂಧ್ರದ ಕರಾವಳಿಯಲ್ಲಿ ನಮ್ಮ ದೇಶದ ಚಿತ್ರಕಾರರಿಂದ ನೂರಾರು ಗಿಡಗಳನ್ನು ಬರೆಸಿದರು. ಆ ಚಿತ್ರಗಳು ಹಡಗೇರಿ ಲಂಡನ್ ತಲುಪಿದವು. ಅಲ್ಲಿನ ಕೆತ್ತನೆಗಾರರು ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ಗೆರೆಗಳನ್ನು ಕೊರೆದರು, ಅದೂ ಎಡಬಲ ತಿರುಗಿಸಿ! ಗೀರುಗಳಿಗೆ ಶಾಯಿ ತುಂಬಿ, ತಗಡಿನ ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಬಲವಾಗಿ ಒತ್ತಿದರೆ ಚಿತ್ರ ಮೂಡುತ್ತಿತ್ತು. ಬಣ್ಣವನ್ನು ಕೈಯಿಂದಲೇ ಹಚ್ಚುತ್ತಿದ್ದರು. 1795ರಿಂದ 1820ರವರೆಗೆ ಹೀಗೆ 300 ಚಿತ್ರಗಳು ಅಚ್ಚಾದವು. ಹಲವು ಹಾಳೆಗಳ ಕೆಳಗೆ ಕೆತ್ತನೆಗಾರ ಮೆಕೆಂಜಿಯವರ ಹೆಸರಿದೆ. ಗಿಡದ ಮುಂದೆ ಕೂತು ಬರೆದವರ ಹೆಸರಿಲ್ಲ.

ಮುಂದೆ ಮದ್ರಾಸಿನಲ್ಲಿ ರಾಬರ್ಟ್ ವೈಟ್ ಎಂಬ ಸಸ್ಯವಿಜ್ಞಾನಿ ಬೇರೆ ದಾರಿ ಹಿಡಿದರು. ಅವರ ಬಳಿ ಮೊದಲು ರಂಗಯ್ಯ, ನಂತರ ಗೋವಿಂದು ಚಿತ್ರ ಬರೆದರು. ಅಚ್ಚಿನ ಕೆಲಸವೂ ಮದ್ರಾಸಿನಲ್ಲೇ ನಡೆಯಿತು, ಕಲ್ಲಚ್ಚಿನಲ್ಲಿ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು ಕಲ್ಲನ್ನು ಒದ್ದೆ ಮಾಡುತ್ತಿದ್ದರು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವಲ್ಲ! ಹಾಗಾಗಿ ಅಚ್ಚಿನ ಶಾಯಿ ಗೆರೆಗಳಿಗೆ ಮಾತ್ರ ಅಂಟುತ್ತಿತ್ತು. 1838ರಿಂದ 1853ರವರೆಗೆ ಆರು ಸಂಪುಟಗಳಲ್ಲಿ ಸುಮಾರು 2,100 ಚಿತ್ರಗಳು ಹೊರಬಂದವು. ರಂಗಯ್ಯ, ಗೋವಿಂದು ಇಬ್ಬರ ಹೆಸರೂ ಹಾಳೆಗಳ ಮೇಲೆ ಅಚ್ಚಾಯಿತು. ವೈಟ್ ಒಂದು ಆರ್ಕಿಡ್ ಹೂವಿಗೆ 'ಗೋವಿಂದೂಯಾ' ಎಂದೇ ಹೆಸರಿಟ್ಟರು!

ನಮ್ಮ ಶಿವಮೊಗ್ಗಕ್ಕೂ ಈ ಕಥೆಯಲ್ಲಿ ಪಾಲಿದೆ. 1845ರಿಂದ ಎರಡು ವರ್ಷ ಅಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ದಿನಕ್ಕೊಂದು ಗಿಡದಂತೆ ಚಿತ್ರ ಬರೆಸುತ್ತಿದ್ದರು. ಮಲೆನಾಡಿನ ಆ ಗಿಡಗಳ ಚಿತ್ರಗಳು ಇಂದು ಎಡಿನ್‌ಬರೊದ ಸಸ್ಯೋದ್ಯಾನದಲ್ಲಿವೆ.

ಇನ್ನು ನಿಮ್ಮ ಸರದಿ. ವೈಟ್ ಅವರ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಪ್ಪ ಅಮ್ಮನ ಜೊತೆ ಕೂತು ಹಾಳೆಗಳ ಕೆಳಗೆ ಗೋವಿಂದು ಅವರ ಹೆಸರು ಹುಡುಕಿ. ಆಮೇಲೆ ಮನೆಯಂಗಳದ ಒಂದು ಗಿಡವನ್ನು ನೋಡಿ ಬರೆಯಿರಿ: ಎಲೆ, ಮೊಗ್ಗು, ಹೂವು, ಅಡ್ಡಕ್ಕೆ ಕೊಯ್ದ ಕಾಯಿ, ಬೀಜ. ಹಾಳೆಯ ಕೆಳಗೆ ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ನಮಗೆ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಹೆಸರಿನ ಸಮೇತ ಅಚ್ಚು ಹಾಕುತ್ತೇವೆ.